ಹಾಜರಿ ಪುಸ್ತಕದಲ್ಲಿ ಇಲ್ಲದ ಓದುಗರು



"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಎಸ್ಸೆಸ್ಸೆಲ್ಸಿ ದಾಟಿದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ನಾನೂ ಬರೆದಿದ್ದೇನೆ, ಪೂರ್ತಿ ಅಂಕವನ್ನೂ ಪಡೆದಿದ್ದೇನೆ. ದೇಶ ಸುತ್ತಲು ಆಗದವರಿಗೆ ಕೋಶವೇ ದೇಶ ಎಂದು ಉತ್ತರದ ಕೊನೆಯಲ್ಲಿ ಸೇರಿಸಿದ್ದೆ. ಆದರೆ ದೇಶ ಸುತ್ತಲು ಆಗದವರು ಆ ಕೋಶ ಇರುವ ಕೋಣೆಯವರೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಆಗ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವನು ನನ್ನ ತಮ್ಮ.

ಅವನಿಗೆ ಹನ್ನೊಂದು ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದೆ. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಮೆದುಳಿನ ಪಾರ್ಶ್ವವಾಯು ಎಂದು ಬರೆಯುತ್ತಾರೆ. ಕಾಲುಗಳಲ್ಲಿ ಬಲವಿಲ್ಲ, ಬೆರಳುಗಳು ಬಿಗಿ, ಮಾತು ನಿಧಾನ ಮತ್ತು ಬಲು ಜೋರು. ಬುದ್ಧಿ ಮಾತ್ರ ಚುರುಕು. ನಾನು ಲೆಕ್ಕಶಾಸ್ತ್ರದ ವ್ಯಾಖ್ಯೆಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡುವಾಗ ಒಂದು ಪದ ಬಿಟ್ಟರೆ ಮಂಚದ ಮೇಲಿಂದಲೇ ತಿದ್ದುತ್ತಾನೆ.

ಕಳೆದ ಬೇಸಿಗೆ ರಜೆಯಲ್ಲಿ ನಾನು ಒಂದು ಗ್ರಂಥಾಲಯಕ್ಕೆ ಹೊರಟಾಗ "ಆಪಾ, ಮೈ ಬೀ ಆತೂಂ" ಎಂದು ಹಟ ಹಿಡಿದ. ಶಿಬಿರದಲ್ಲಿ ಸಿಕ್ಕ ವ್ಹೀಲ್‌ಚೇರಿನಲ್ಲಿ ಕೂರಿಸಿಕೊಂಡು ಹೋದೆ. ಆ ಗ್ರಂಥಾಲಯ ಯಾವುದೆಂದು ಹೇಳುವುದು ಬೇಡ. ಅಲ್ಲಿಯ ಸಿಬ್ಬಂದಿ ಒಳ್ಳೆಯವರು. ಬಾಗಿಲಿಗೆ ಮೂರು ಮೆಟ್ಟಿಲುಗಳಿದ್ದವು. "ನೀ ಒಳಗ ಬಾರವಾ. ಅವನಿಗೆ ಯಾವ ಪುಸ್ತಕ ಬೇಕು ಹೇಳು, ಇಲ್ಲಿಗೇ ತಂದು ಕೊಡ್ತೀನಿ" ಎಂದರು. ತಮ್ಮ ಒಂದೊಂದೇ ಪದ ಜೋಡಿಸಿ, "ಯಾವ್ಯಾವ ಅದಾವ ಅಂತ ನೋಡದ ಹೆಂಗ ಹೇಳಲ್ರಿ ಅಂಕಲ್?" ಎಂದ.

ಆ ಪ್ರಶ್ನೆಗೆ ಅವರು ನಕ್ಕು, ಒಳಗಿನಿಂದ ಆರಡಿ ಉದ್ದದ ಹಲಗೆ ತಂದು ಮೆಟ್ಟಿಲ ಮೇಲೆ ಇಟ್ಟರು. ವ್ಹೀಲ್‌ಚೇರ್ ಅರ್ಧಕ್ಕೆ ಏರಿ ಹಿಂದಕ್ಕೆ ಜಾರಿತು. ಇಬ್ಬರು ಓಡಿ ಬಂದು ಹಿಡಿಯದಿದ್ದರೆ ಏನಾಗುತ್ತಿತ್ತೋ. ಅಂತೂ ಒಳಗೆ ಹೋದೆವು. ಅಷ್ಟು ಪುಸ್ತಕಗಳನ್ನು ಒಟ್ಟಿಗೆ ಕಂಡ ಖುಷಿಗೆ ತಮ್ಮ ಜೋರಾಗಿ ನಕ್ಕ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಒಬ್ಬರು ಏನೂ ಮಾತಾಡದೆ ಗೋಡೆಯ ಮೇಲಿದ್ದ "ನಿಶ್ಶಬ್ದವಾಗಿರಿ" ಎಂಬ ಫಲಕ ತೋರಿಸಿದರು. ಹತ್ತು ನಿಮಿಷದಲ್ಲಿ ನಾವು ಹೊರಗೆ ಬಂದೆವು.

ಬಾಗಿಲ ಬಳಿಯ ಹಾಜರಿ ಪುಸ್ತಕದಲ್ಲಿ ನಾನು ಸಹಿ ಮಾಡಿದ್ದೆ. ಅವನ ಹೆಸರನ್ನು ಯಾರೂ ಕೇಳಲಿಲ್ಲ. ನಾನೂ ಬರೆಯಲಿಲ್ಲ. ಹಾಗಾಗಿ ದಾಖಲೆಯ ಪ್ರಕಾರ ಆ ದಿನ ಅಲ್ಲಿಗೆ ಹೋದವಳು ನಾನೊಬ್ಬಳೇ.

ವಾಣಿಜ್ಯ ವಿಭಾಗದ ನಮಗೆ ಬಾಕಿ ವೆಚ್ಚದ ಪಾಠ ಗೊತ್ತು. ಈ ವರ್ಷದ ಬಾಡಿಗೆಯನ್ನು ಇನ್ನೂ ಕೊಡದಿದ್ದರೂ ಅದನ್ನು ಲೆಕ್ಕಕ್ಕೆ ತರಲೇಬೇಕು. ತರದಿದ್ದರೆ ಲಾಭ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಗ್ರಂಥಾಲಯಗಳು ಬಂದವರ ಲೆಕ್ಕ ಇಡುತ್ತವೆ, ಬರಲಾಗದವರ ಲೆಕ್ಕ ಇಡುವುದಿಲ್ಲ. ಆದ್ದರಿಂದಲೇ ಎಲ್ಲವೂ ಸರಿಯಾಗಿದೆ ಎಂದು ಕಾಣುತ್ತದೆ. ಆಗಸ್ಟ್ 12ರಂದು ಡಾ. ಎಸ್. ಆರ್. ರಂಗನಾಥನ್ ಅವರ ನೆನಪಿನಲ್ಲಿ ಗ್ರಂಥಪಾಲಕರ ದಿನ ಆಚರಿಸುತ್ತೇವೆ. ಆ ನೆಪದಲ್ಲಿ ಈ ಬಾಕಿಯ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ವಿಶೇಷ ಅಗತ್ಯದ ಮಕ್ಕಳು ಎಂದರೆ ಯಾರು?

ನಮಗೆ ಥಟ್ಟನೆ ನೆನಪಾಗುವುದು ಕಣ್ಣು ಕಾಣದವರು ಮತ್ತು ನಡೆಯಲಾಗದವರು. 1995ರ ಹಳೆಯ ಕಾಯ್ದೆಯೂ ಏಳು ಬಗೆಯ ಅಂಗವಿಕಲತೆಯನ್ನು ಮಾತ್ರ ಗುರುತಿಸಿತ್ತು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಈ ಪಟ್ಟಿಯಲ್ಲಿ ಮಂದದೃಷ್ಟಿ, ಶ್ರವಣದೋಷ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಆಟಿಸಂ, ಕಲಿಕಾ ನ್ಯೂನತೆ, ಥಲಸ್ಸೇಮಿಯಾ ಮುಂತಾದವು ಸೇರಿವೆ. ಅಕ್ಷರಗಳು ಹಿಂದುಮುಂದಾಗಿ ಕಾಣುತ್ತವೆ ಎಂದು ಒದ್ದಾಡುವ, ನಾವು ದಡ್ಡ ಎಂದು ಕರೆದು ಬಿಟ್ಟ ಹುಡುಗನೂ ಈ ಪಟ್ಟಿಯಲ್ಲಿ ಇರಬಹುದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13,24,205 ಜನ ಅಂಗವಿಕಲರಿದ್ದರು. ಅದು ಹೊಸ ಪಟ್ಟಿ ಬರುವುದಕ್ಕಿಂತ ಮೊದಲಿನ ಎಣಿಕೆ. ಇವರಲ್ಲಿ ಮಕ್ಕಳೂ ಇದ್ದಾರೆ. ನಮ್ಮ ಮುದಗಲ್ಲಿನ ಯಾವುದೇ ಓಣಿಯಲ್ಲಿ ಕೇಳಿ ನೋಡಿ, ಇಂಥ ಒಂದು ಮಗುವಿರುವ ಮನೆಯನ್ನು ಯಾರಾದರೂ ತೋರಿಸುತ್ತಾರೆ. ಆದರೆ ಆ ಮಗುವನ್ನು ಗ್ರಂಥಾಲಯದಲ್ಲಿ ಕಂಡಿದ್ದೀರಾ ಎಂದು ಕೇಳಿದರೆ ಉತ್ತರವಿಲ್ಲ.

ಗ್ರಂಥಾಲಯ ಯಾರ ಹಣದ್ದು?

ಇದು ನನ್ನ ವಿಭಾಗದ ಪ್ರಶ್ನೆ. ಅಬ್ಬಾ ದರ್ಜಿ. ಪ್ರತಿ ವರ್ಷ ಮನೆಯ ತೆರಿಗೆ ಕಟ್ಟಿ ರಸೀದಿಯನ್ನು ಟ್ರಂಕಿನಲ್ಲಿ ಇಡುತ್ತಾರೆ. ಆ ರಾತ್ರಿ ಅದನ್ನು ತೆಗೆದು ಓದಿದೆ. ಆಸ್ತಿ ತೆರಿಗೆಯ ಜೊತೆಗೆ ಮೂರು ಉಪಕರಗಳಿದ್ದವು. ಆರೋಗ್ಯಕ್ಕೆ ತೆರಿಗೆಯ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಅಂದರೆ 1,000 ರೂಪಾಯಿ ತೆರಿಗೆ ಕಟ್ಟುವ ಮನೆಯವರು 60 ರೂಪಾಯಿಯನ್ನು ಗ್ರಂಥಾಲಯಕ್ಕೆಂದು ಕಟ್ಟುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಈ ಕರದ ಮೂಲ. ನಮ್ಮ ರಾಯಚೂರು ಜಿಲ್ಲೆಗೆ ಇದಕ್ಕಿಂತ ಹಿಂದಿನ ನಂಟೂ ಇದೆ. 1956ರ ನವೆಂಬರ್ 1ಕ್ಕೆ ಮೊದಲು ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಅಲ್ಲಿ 1955ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿತ್ತು.

ರಸೀದಿ ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಯಿತು. ತಮ್ಮ ಗ್ರಂಥಾಲಯದ ಒಳಗೆ ಹೋಗುವುದು ಯಾರದೋ ದಯೆಯ ಮಾತಲ್ಲ. ಅವನ ಅಪ್ಪ ಅದಕ್ಕೆ ಹಣ ಕಟ್ಟಿದ್ದಾರೆ. ಜನ ಅವನನ್ನು ನೋಡಿ "ಅಯ್ಯೋ ಪಾಪ" ಎಂದು ಕೈಗೆ ಹತ್ತು ರೂಪಾಯಿ ಇಡಲು ಬರುತ್ತಾರೆ. ಅಮ್ಮಿಗೆ ಆಗ ಕಣ್ಣಲ್ಲಿ ನೀರು ಬರುತ್ತದೆ. ಅವನನ್ನು ರಸೀದಿಯ ಮೂರನೆಯ ಸಾಲಿನಲ್ಲಿ ಅಲ್ಲ, ಎರಡನೆಯ ಸಾಲಿನಲ್ಲಿ ಲೆಕ್ಕ ಹಾಕಿ ಎಂದು ಅವರಿಗೆಲ್ಲ ಹೇಳಬೇಕೆನಿಸುತ್ತದೆ.

ಹಳ್ಳಿಗಳಲ್ಲಿಯೂ ಬದಲಾವಣೆ ಆಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾ ಕಾಲದಲ್ಲಿ, 2020ರ ನವೆಂಬರಿನಲ್ಲಿ, "ಓದುವ ಬೆಳಕು" ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಇವುಗಳನ್ನು "ಅರಿವು ಕೇಂದ್ರ" ಎನ್ನುತ್ತಾರೆ. ಇದು ಬಹಳ ದೊಡ್ಡ ಕೆಲಸ. ಆದರೆ ಸದಸ್ಯತ್ವದ ಚೀಟಿ ಉಚಿತವಾಗಿ ಸಿಕ್ಕರೂ ಮೆಟ್ಟಿಲು ಹಾಗೇ ಉಳಿದರೆ, ನನ್ನ ತಮ್ಮನಂಥವರ ಪಾಲಿಗೆ ಆ ಚೀಟಿ ಬರೀ ಕಾಗದ.

ಐದು ತಡೆಗಳು

ಆ ದಿನ ನಡೆದದ್ದನ್ನು ಬಿಡಿಸಿ ನೋಡಿದಾಗ ಮಕ್ಕಳನ್ನು ತಡೆಯುವ ಐದು ಸಂಗತಿಗಳು ನನಗೆ ಕಂಡವು.

ಮೊದಲನೆಯದು ಬಾಗಿಲು. ಅಬ್ಬಾರ ಅಳತೆ ಟೇಪು ತೆಗೆದುಕೊಂಡು ಹೋಗಿ ಆ ಮೆಟ್ಟಿಲುಗಳನ್ನು ಅಳೆದೆ. ಒಂದೊಂದೂ 6 ಇಂಚು, ಮೂರು ಸೇರಿ 18 ಇಂಚು, ಅಂದರೆ ಒಂದೂವರೆ ಅಡಿ. ವ್ಹೀಲ್‌ಚೇರಿನ ಇಳಿಜಾರಿಗೆ ನಮ್ಮ ದೇಶದ ಮಾರ್ಗಸೂಚಿ ಹೇಳುವ ಪ್ರಮಾಣ 1:12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಹಾಗಾದರೆ ಒಂದೂವರೆ ಅಡಿಗೆ 18 ಅಡಿ. ನಾವು ಇಟ್ಟದ್ದು ಆರಡಿಯ ಹಲಗೆ! ಅದರ ಪ್ರಮಾಣ ಹೆಚ್ಚುಕಡಿಮೆ 1:4. ಜಾರದೆ ಇನ್ನೇನು? ಆ ದಿನ ಯಾರ ಮನಸ್ಸೂ ಕೆಟ್ಟದಿರಲಿಲ್ಲ, ಲೆಕ್ಕ ಮಾತ್ರ ತಪ್ಪಿತ್ತು. ಒಳ್ಳೆಯ ಮನಸ್ಸಿನ ಜೊತೆಗೆ ಅಳತೆಯೂ ಬೇಕು ಎಂದು ಕಲಿತೆ.

ಇದು ಕಾನೂನಿನ ಮಾತೂ ಹೌದು. 2016ರ ಕಾಯ್ದೆಯಂತೆ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಪ್ರಕಟವಾದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಐದು ವರ್ಷ 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಮಾನದಂಡಗಳಾಗಬೇಕು ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ಎರಡನೆಯದು ಕಪಾಟು. ಮಕ್ಕಳ ಪುಸ್ತಕಗಳು ದೊಡ್ಡವರ ಎದೆಯ ಎತ್ತರದಲ್ಲಿದ್ದರೆ ಕುಳಿತೇ ಇರುವ ಮಗುವಿಗೆ ಅವು ಸಿಗುವುದಿಲ್ಲ. ಕಪಾಟುಗಳ ನಡುವಿನ ದಾರಿ ಇಕ್ಕಟ್ಟಾಗಿದ್ದರೆ ವ್ಹೀಲ್‌ಚೇರ್ ತಿರುಗುವುದಿಲ್ಲ. ಮಂದದೃಷ್ಟಿಯ ಮಗುವಿಗೆ ದಪ್ಪ ಅಕ್ಷರದ ಚೀಟಿ ಮತ್ತು ಒಳ್ಳೆಯ ಬೆಳಕು ಬೇಕು.

ಮೂರನೆಯದು ಪುಸ್ತಕ. ಈ ವಿಷಯ ದೊಡ್ಡದು, ಮುಂದೆ ಬೇರೆಯಾಗಿ ಬರೆಯುತ್ತೇನೆ.

ನಾಲ್ಕನೆಯದು ಮೌನದ ನಿಯಮ. ಪರೀಕ್ಷೆಗೆ ಓದುವವರಿಗೆ ಮೌನ ಬೇಕು, ಅವರದೂ ತಪ್ಪಲ್ಲ. ಆದರೆ ನನ್ನ ತಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಆಟಿಸಂ ಇರುವ ಮಗುವಿಗೆ ಇದರ ತಿರುವುಮುರುವು ಕಷ್ಟ. ಫ್ಯಾನಿನ ಕಿರ್ರೆನ್ನುವ ಸದ್ದು, ಕುರ್ಚಿ ಎಳೆಯುವ ಸದ್ದೇ ಅದಕ್ಕೆ ತಡೆಯಲಾಗುವುದಿಲ್ಲ. ಒಬ್ಬರಿಗೆ ಸದ್ದು ಮಾಡುವ ಸ್ವಾತಂತ್ರ್ಯ ಬೇಕು, ಇನ್ನೊಬ್ಬರಿಗೆ ಸದ್ದಿಲ್ಲದ ಮೂಲೆ ಬೇಕು. ಇದನ್ನು ಗೋಡೆ ಒಡೆಯದೆಯೇ ಬಗೆಹರಿಸಬಹುದು, ಸಮಯ ಹಂಚಿದರೆ ಸಾಕು. ವಾರಕ್ಕೆ ಒಂದೆರಡು ಗಂಟೆ "ಗಟ್ಟಿ ಓದಿನ ಸಮಯ" ಎಂದು ಮೊದಲೇ ಬರೆದು ಹಾಕಿದರೆ ಯಾರಿಗೂ ತೊಂದರೆಯಿಲ್ಲ.

ಐದನೆಯದು ನಮ್ಮದೇ ಅಂಜಿಕೆ. "ಜನ ಏನಂದಾರು" ಎಂದು ಮನೆಯವರೇ ಮಗುವನ್ನು ಹೊರಗೆ ಕರೆತರುವುದಿಲ್ಲ. ಆ ದಿನದ ನಂತರ ಎರಡು ವಾರ ನಾನೇ ಅವನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಅವನು ಕೇಳಿದಾಗ ಬಿಸಿಲು ಎಂದು ಸುಳ್ಳು ಹೇಳಿದೆ. ಈ ಐದನೆಯ ತಡೆಯಲ್ಲಿ ನಾನೂ ಪಾಲುದಾರಳು ಎಂದು ಒಪ್ಪಿಕೊಳ್ಳುತ್ತೇನೆ.

ಅಚ್ಚಾದ ಪುಸ್ತಕ ಮಾತ್ರ ಪುಸ್ತಕವಲ್ಲ

ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿದ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಅವನು ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದಾಗ ಅವನ ವಯಸ್ಸು ಹದಿನೈದು, ನಮಗಿಂತ ಚಿಕ್ಕವ. ಭಾರತದ ಭಾಷೆಗಳಿಗೆ ಒಂದೇ ಬಗೆಯ "ಭಾರತಿ ಬ್ರೈಲ್" ಬಂದದ್ದು 1951ರಲ್ಲಿ. ಇದರ ಬಗ್ಗೆ ಓದಿದಾಗ ನನಗೆ ಬಹಳ ಸಂತೋಷವಾಯಿತು. ಅಚ್ಚಿನಲ್ಲಿ ನಮ್ಮ ಮನೆಯ ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಕಾಲೇಜಿನ ಕನ್ನಡ ಎಡದಿಂದ ಬಲಕ್ಕೆ. ಬ್ರೈಲ್‌ನಲ್ಲಿ ಎರಡೂ ಎಡದಿಂದ ಬಲಕ್ಕೇ. ಕನ್ನಡದ "ಕ", ಉರ್ದುವಿನ "ಕಾಫ್", ಇಂಗ್ಲಿಷಿನ "ಕೆ" ಮೂರಕ್ಕೂ ಅದೇ ಎರಡು ಚುಕ್ಕಿ. ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಭಾಷೆಗಳು ಬೆರಳಿಗೆ ನೆರೆಹೊರೆಯವರು.

ಕಿವಿ ಕೇಳದ ಮಕ್ಕಳಿಗೆ ಪುಸ್ತಕದ ತೊಂದರೆ ಏನಿದೆ, ಕಣ್ಣು ಕಾಣುತ್ತದಲ್ಲ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಸಂಜ್ಞಾ ಭಾಷೆಯಲ್ಲಿ ಬೆಳೆದ ಮಗುವಿಗೆ ಅಚ್ಚಿನ ಕನ್ನಡ ಎರಡನೆಯ ಭಾಷೆ. ಇದು ನಮ್ಮಲ್ಲಿ ಅನೇಕರಿಗೆ ಬೇಗ ಅರ್ಥವಾಗಬೇಕು. ಒಂದನೆಯ ತರಗತಿಯಲ್ಲಿ ಕನ್ನಡ ಪಾಠ ಕೇಳುವಾಗ ನನಗೆ ಅರ್ಧ ಪದಗಳು ತಿಳಿಯುತ್ತಿರಲಿಲ್ಲ. ನಮ್ಮ ಮೇಡಂ ಚಿತ್ರ ತೋರಿಸಿ, ಕೈಸನ್ನೆ ಮಾಡಿ ಹೇಳಿಕೊಟ್ಟರು. ಆ ಚಿತ್ರ, ಆ ಸನ್ನೆಗಳೇ ಅಂಥ ಮಕ್ಕಳಿಗೂ ಬೇಕು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ ಸಂಜ್ಞೆಗಳ ವಿಡಿಯೊ ನಿಘಂಟು ಹೊರತಂದಿದೆ. ಗ್ರಂಥಪಾಲಕರು "ನಮಸ್ಕಾರ", "ಪುಸ್ತಕ", "ಕಥೆ", "ಬೇಕಾ?" ಎಂಬ ನಾಲ್ಕು ಸಂಜ್ಞೆ ಕಲಿತರೂ ಆ ಮಗುವಿಗೆ ಬಾಗಿಲು ತೆರೆದಂತೆ.

ಸ್ವೀಡನ್ ದೇಶದ ಸಾರ್ವಜನಿಕ ಗ್ರಂಥಾಲಯಗಳಲ್ಲಿ "ಸೇಬಿನ ಕಪಾಟು" ಎಂದು ಒಂದಿರುತ್ತದೆ. ಸೇಬಿನ ಗುರುತು ಇರುವ ಆ ಕಪಾಟಿನಲ್ಲಿ ಮುಟ್ಟಿ ನೋಡುವ ಚಿತ್ರಪುಸ್ತಕ, ಕೇಳುವ ಪುಸ್ತಕ, ಸಂಜ್ಞಾ ಭಾಷೆಯ ಕಥೆ, ಸುಲಭ ವಾಕ್ಯಗಳ ಪುಸ್ತಕ ಎಲ್ಲ ಒಟ್ಟಿಗೆ ಸಿಗುತ್ತವೆ. ದೂರದ ಮಾತೇಕೆ, ಚೆನ್ನೈಯ ಅಣ್ಣಾ ಶತಮಾನೋತ್ಸವ ಗ್ರಂಥಾಲಯ 2010ರಲ್ಲಿ ಆರಂಭವಾದಾಗ ಅದರ ಬ್ರೈಲ್ ವಿಭಾಗವನ್ನು ನೆಲಮಹಡಿಯಲ್ಲಿಯೇ ಇಟ್ಟರು. ಯಾವುದನ್ನು ಎಲ್ಲಿ ಇಡಬೇಕು ಎಂದು ಮೊದಲೇ ಯೋಚಿಸಿದರೆ ಆಮೇಲೆ ಹಲಗೆ ಹುಡುಕುವ ಕೆಲಸವಿಲ್ಲ.

ನನಗೆ ಬಹಳ ಮುಖ್ಯವಾಗಿ ಕಂಡದ್ದು ಮರಕೇಶ್ ಒಪ್ಪಂದ. 2013ರ ಜೂನ್ 27ರಂದು ಮೊರಾಕ್ಕೊ ದೇಶದ ಮರಕೇಶ್ ನಗರದಲ್ಲಿ ಹಲವು ದೇಶಗಳು ಸೇರಿ ಇದನ್ನು ಅಂಗೀಕರಿಸಿದವು. ಅಚ್ಚಾದ ಪುಸ್ತಕ ಓದಲಾಗದವರಿಗಾಗಿ ಅದನ್ನು ಬ್ರೈಲ್, ಧ್ವನಿ ಮುಂತಾದ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಅಡ್ಡಿಯಾಗಬಾರದು ಎಂಬುದು ಅದರ ಸಾರ. 2014ರ ಜೂನ್‌ನಲ್ಲಿ ಜಗತ್ತಿನಲ್ಲೇ ಮೊದಲು ಅದನ್ನು ಅನುಮೋದಿಸಿದ ದೇಶ ಭಾರತ. ಅದಕ್ಕೂ ಮೊದಲೇ, 2012ರಲ್ಲಿ, ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ಇಂಥದೇ ತಿದ್ದುಪಡಿ ಆಗಿತ್ತು.

ಈ ಒಪ್ಪಂದ ಯಾರಿಗೆ ಅನ್ವಯಿಸುತ್ತದೆ ಎಂಬ ಭಾಗವನ್ನು ಓದುತ್ತಿದ್ದಾಗ ನನ್ನ ಕೈ ನಿಂತಿತು. ಅಂಧರು, ಮಂದದೃಷ್ಟಿಯವರು, ಓದಿನ ನ್ಯೂನತೆಯವರು, ಅವರ ಜೊತೆಗೆ ದೇಹದ ತೊಂದರೆಯಿಂದ ಪುಸ್ತಕವನ್ನು ಹಿಡಿಯಲು, ಪುಟ ಮಗುಚಲು ಆಗದವರು. ನನ್ನ ತಮ್ಮನ ಬಿಗಿ ಬೆರಳುಗಳು ಅಲ್ಲಿದ್ದವು! ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. "ಅಷ್ಟು ದೂರದಲ್ಲಿ ಯಾರೋ ಇವನ ಬಗ್ಗೆ ಯೋಚಿಸಿದ್ದಾರಾ?" ಎಂದು ಎರಡು ಸಲ ಕೇಳಿದರು.

2016ರ ಆಗಸ್ಟ್‌ನಲ್ಲಿ ಆರಂಭವಾದ "ಸುಗಮ್ಯ ಪುಸ್ತಕಾಲಯ" ಎಂಬ ಅಂತರ್ಜಾಲ ಗ್ರಂಥಾಲಯ ಇಂಥವರಿಗಾಗಿಯೇ ಇದೆ. ದಾಖಲೆ ಕೊಟ್ಟು ಸದಸ್ಯರಾದವರು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಮಗೆ ಒಗ್ಗುವ ರೂಪದಲ್ಲಿ ಪಡೆಯಬಹುದು. ನಮ್ಮ ಸಾಮಾನ್ಯ ಆಂಡ್ರಾಯ್ಡ್ ಫೋನಿನಲ್ಲಿಯೂ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ವ್ಯವಸ್ಥೆ ಇದೆ. ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ, ಸೆಟ್ಟಿಂಗ್ಸ್ ಬದಲಿಸಿ ತೋರಿಸುವವರು ಬೇಕು.

ಕೇಳಿ ಕಲಿತವರು

ಓದುವುದೆಂದರೆ ಕಣ್ಣಿನಿಂದ ಮಾತ್ರ ಎಂದು ನಮ್ಮ ಹಿರಿಯರು ಎಂದೂ ತಿಳಿದಿರಲಿಲ್ಲ. ಕುರ್‌ಆನಿನ "ಅಬಸ" ಸೂರಾ ಆರಂಭವಾಗುವುದೇ ಕಲಿಯಲು ಬಂದ ಒಬ್ಬ ಅಂಧ ವ್ಯಕ್ತಿಯ ಪ್ರಸಂಗದಿಂದ. ಅವರು ಹಜ್ರತ್ ಅಬ್ದುಲ್ಲಾಹ್ ಇಬ್ನೆ ಉಮ್ಮೆ ಮಕ್ತೂಮ್. ಮದೀನಾದಲ್ಲಿ ಅಜಾನ್ ಹೇಳುವ ಹೊಣೆಯನ್ನೂ ಅವರು ಹೊತ್ತಿದ್ದರು. ನಮಗೆ ಹತ್ತಿರದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು (1914-2010) ಎಷ್ಟೋ ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟರು. ಈಜಿಪ್ಟಿನ ತಾಹಾ ಹುಸೇನ್ (1889-1973) ಬಾಲ್ಯದಲ್ಲೇ ಅಂಧರಾದರು. ಬೇರೆಯವರು ಓದಿ ಹೇಳಿದ್ದನ್ನು ಕೇಳಿಯೇ ಡಾಕ್ಟರೇಟ್ ಪಡೆದರು, ದೊಡ್ಡ ಲೇಖಕರಾದರು, 1950ರಲ್ಲಿ ಆ ದೇಶದ ಶಿಕ್ಷಣ ಮಂತ್ರಿಯಾದರು. ಫ್ರಾನ್ಸಿನಲ್ಲಿ ಓದುವಾಗ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದವರು ಮುಂದೆ ಅವರ ಹೆಂಡತಿಯಾದ ಸುಜಾನ್. ಇವರೆಲ್ಲರ ಹಿಂದೆಯೂ ಕೂತು ಹೇಳಿಕೊಟ್ಟ ಇನ್ನೊಬ್ಬರು ಇದ್ದರು. ಗ್ರಂಥಾಲಯ ಅಂಥ ಇನ್ನೊಬ್ಬರು ಸಿಗುವ ಜಾಗವಾಗಬೇಕು.

ಖರ್ಚೆಷ್ಟು? ಹಣ ಎಲ್ಲಿದೆ?

ಲೆಕ್ಕ ಕೇಳದೆ ವಾಣಿಜ್ಯದವರು ಬಿಡಬಾರದು. ನಾನು ಮೂರು ಪಟ್ಟಿ ಮಾಡಿದೆ.

ಖರ್ಚಿಲ್ಲದ ಕೆಲಸಗಳು: ಮಕ್ಕಳ ಪುಸ್ತಕಗಳನ್ನು ಕೆಳಗಿನ ಎರಡು ಸಾಲಿಗೆ ಇಳಿಸುವುದು. ದಾರಿಯಲ್ಲಿರುವ ಹೆಚ್ಚಿನ ಕುರ್ಚಿಗಳನ್ನು ತೆಗೆಯುವುದು. ವಾರದಲ್ಲಿ ಗಟ್ಟಿ ಓದಿನ ಸಮಯ ಗೊತ್ತುಮಾಡುವುದು. ಫೋನಿನಲ್ಲಿ ಓದಿಸಿ ಕೇಳುವುದನ್ನು ಕಲಿಸುವುದು.

ಸಣ್ಣ ಖರ್ಚಿನವು: ದಪ್ಪ ಅಕ್ಷರದ ಫಲಕಗಳು, ಭೂತಗನ್ನಡಿ, ಹೆಡ್‌ಫೋನ್, ಬಟ್ಟೆಯ ಚಿತ್ರಪುಸ್ತಕ. ಅಬ್ಬಾರ ಅಂಗಡಿಯ ತುಂಡು ಬಟ್ಟೆ, ಗುಂಡಿ, ಜರಿಯಿಂದ ನಾನು ಮತ್ತು ಅಮ್ಮಿ ಒಂದು ಮುಟ್ಟುವ ಪುಸ್ತಕ ಹೊಲಿದೆವು. ಖರ್ಚಾದದ್ದು ದಾರದ ಉಂಡೆ ಮಾತ್ರ.

ದೊಡ್ಡ ಖರ್ಚಿನದು: ಇಳಿಜಾರು. ಗೌಂಡಿ ಕೆಲಸದ ನಮ್ಮ ಚಾಚಾ 18 ಅಡಿ ಉದ್ದ, 4 ಅಡಿ ಅಗಲಕ್ಕೆ ಕಂಬಿ ಸೇರಿ ಸುಮಾರು 30,000 ರೂಪಾಯಿ ಆಗಬಹುದು ಎಂದರು.

ಇದಕ್ಕೆ ಹಣದ ದಾರಿಯೂ ಇದೆ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 5ರಷ್ಟನ್ನು ವಿಶೇಷಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಉದಾಹರಣೆಗೆ ಆ ನಿಧಿ 10 ಲಕ್ಷ ಇದ್ದರೆ 50,000 ರೂಪಾಯಿ ಆಯಿತು. ಒಂದು ಇಳಿಜಾರು ಕಟ್ಟಿ ಉಳಿಯುವಷ್ಟು.

ಜನರೂ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವಿಶೇಷಚೇತನರೇ. ಯಾವ ಮನೆಯಲ್ಲಿ ಯಾವ ಮಗುವಿದೆ ಎಂದು ಅವರಿಗೆ ಗೊತ್ತು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಈ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಗ್ರಂಥಪಾಲಕರ ಬಳಿ ಪುಸ್ತಕಗಳ ಪಟ್ಟಿ ಇದೆ, ಇವರ ಬಳಿ ಮಕ್ಕಳ ಪಟ್ಟಿ ಇದೆ. ಎರಡು ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟರೆ ಅರ್ಧ ಕೆಲಸ ಆದಂತೆ. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದರ ಆಶಯವೂ ಇದೇ: ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು.

ನಾವೇನು ಮಾಡಬಹುದು?

ಮೊಹರಂ ದಿನಗಳಲ್ಲಿ ನಮ್ಮ ಮುದಗಲ್ ಕೋಟೆಯಲ್ಲಿ ಹುಸೇನಿ ಆಲಂ ನೋಡಲು ಎಷ್ಟು ಜನ ಸೇರುತ್ತಾರೆಂದು ನಿಮಗೆ ಗೊತ್ತು. ಕಾಲಿಡಲು ಜಾಗವಿರುವುದಿಲ್ಲ. ಆದರೂ ಅಬ್ಬಾ ತಮ್ಮನನ್ನು ಹೆಗಲ ಮೇಲೆ ಹೊತ್ತು ಬಂದರೆ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ "ಹುಡುಗಗ ದಾರಿ ಬಿಡ್ರಿ" ಎಂದು ಸರಿದು ನಿಲ್ಲುತ್ತಾರೆ. ದಾರಿ ಬಿಡುವುದು ನಮ್ಮ ಊರಿಗೆ ಹೊಸದಲ್ಲ. ಆ ಒಂದು ದಿನದ ದಾರಿಯನ್ನು ವರ್ಷವಿಡೀ ತೆರೆದಿಡಬೇಕು, ಅಷ್ಟೇ.

ನಾವು ವಿದ್ಯಾರ್ಥಿಗಳು ಮಾಡಬಹುದಾದ ನಾಲ್ಕು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ಗ್ರಂಥಾಲಯದ ಮೆಟ್ಟಿಲು ಅಳೆದು 12ರಿಂದ ಗುಣಿಸಿ, ಎಷ್ಟು ಉದ್ದದ ಇಳಿಜಾರು ಬೇಕು ಎಂದು ಲೆಕ್ಕ ಹಾಕಿ. ಆ ಲೆಕ್ಕವನ್ನು ಅರ್ಜಿಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಓಣಿಯಲ್ಲಿ ಇಂಥ ಮಗುವಿದ್ದರೆ ಮನೆಗೆ ಹೋಗಿ, "ಪುಸ್ತಕ ಓದಿ ಹೇಳಲಾ?" ಎಂದು ಆ ಮಗುವನ್ನೇ ಕೇಳಿ. ನಮ್ಮ ಕಾಲೇಜಿನ ಗ್ರಂಥಾಲಯವನ್ನೂ ಇದೇ ಕಣ್ಣಿನಿಂದ ಒಮ್ಮೆ ನೋಡೋಣ.

ನಾನೂ ಅರ್ಜಿ ಕೊಟ್ಟಿದ್ದೇನೆ. ಎರಡು ತಿಂಗಳಾಯಿತು. ಸ್ವೀಕೃತಿಯ ಮುದ್ರೆ ಸಿಕ್ಕಿದೆ, ಇಳಿಜಾರು ಇನ್ನೂ ಆಗಿಲ್ಲ. ಆದರೆ ಆ ಗ್ರಂಥಾಲಯದ ಸಿಬ್ಬಂದಿ ಈಗ ಭಾನುವಾರ ಸಂಜೆ ಅಂಗಳದ ಬೇವಿನ ಮರದ ಕೆಳಗೆ ಎರಡು ಬುಟ್ಟಿ ಪುಸ್ತಕ ತಂದಿಡುತ್ತಾರೆ. ನಾನು ಮತ್ತು ಇಬ್ಬರು ಗೆಳತಿಯರು ಸರದಿಯಂತೆ ಗಟ್ಟಿಯಾಗಿ ಓದುತ್ತೇವೆ. ತಮ್ಮನ ಜೊತೆ ಓಣಿಯ ಏಳೆಂಟು ಮಕ್ಕಳು ಬರುತ್ತಾರೆ. ಅವನ ನಗು ಎಷ್ಟು ಜೋರಾದರೂ ಮರಕ್ಕೆ ಬೇಸರವಿಲ್ಲ. ಮರದ ನೆರಳು ಒಳ್ಳೆಯದೇ. ಆದರೆ ಬುಟ್ಟಿಯಲ್ಲಿ ತಂದದ್ದರಲ್ಲಿ ಆರಿಸುವುದಕ್ಕೂ ಇಡೀ ಕಪಾಟಿನ ಮುಂದೆ ಕೂತು ಆರಿಸುವುದಕ್ಕೂ ವ್ಯತ್ಯಾಸವಿದೆ. ಅದನ್ನು ಅವನು ಪ್ರತಿ ವಾರ ನೆನಪಿಸುತ್ತಾನೆ.

ಕಳೆದ ಭಾನುವಾರ ಆ ಅಂಕಲ್ ಬುಟ್ಟಿಗಳ ಜೊತೆ ಹಾಜರಿ ಪುಸ್ತಕವನ್ನೂ ಅಂಗಳಕ್ಕೆ ತಂದರು. ಪೆನ್ನನ್ನು ನನಗೆ ಕೊಡದೆ ತಮ್ಮನಿಗೆ ಕೊಟ್ಟರು. ಅವನು ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು ತನ್ನ ಹೆಸರಿನ ಮೊದಲ ಅಕ್ಷರ ಬರೆಯಲು ಹೆಚ್ಚುಕಡಿಮೆ ಐದು ನಿಮಿಷ ತೆಗೆದುಕೊಂಡ. ಆ ಒಂದು ಅಕ್ಷರ ಮೂರು ಸಾಲುಗಳನ್ನು ತುಂಬಿತು. ಕೆಳಗೆ ಸಹಿ ಮಾಡಬೇಕಾದವರು ಅಲ್ಲಿಯವರೆಗೆ ಸಾಲಾಗಿ ಕಾದು ನಿಂತಿದ್ದರು.